ಮದುವೆ ಜವಳಿಗೆ ದಾವಣಗೆರೆಗೆ ಹೊರಟವರಿಗೆ

ನಮ್ಮ ಮನೆ ಇರೋದು ದಾವಣಗೆರೆಯಲ್ಲಿ. ಹಾಗಾಗಿ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ನೆಂಟರ ಮನೆಯಲ್ಲಿ ಮದುವೆ ಗೊತ್ತಾದರೆ ನಮಗೊಂದು ಫೋನ್ ಬಂದೇ ಬರುತ್ತದೆ. "ಸೋಮವಾರ ಜವಳಿ ತೆಗಿಯಾಕೆ ಬರ್ತೀವಿ, ನೀನು ಜೊತೆಗಿರವ್ವ." ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಟೆಂಪೊ ಬಂದು ನಿಲ್ಲುತ್ತದೆ. ಅಜ್ಜಿಯಿಂದ ಹಿಡಿದು ಕಂಕುಳ ಕೂಸಿನವರೆಗೆ ಹದಿನಾಲ್ಕು ಜನ ಇಳಿಯುತ್ತಾರೆ.

ಒಂದು ಕಾಲಕ್ಕೆ ಈ ಊರು ಬಟ್ಟೆ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಕರೆಯುತ್ತಿದ್ದರು. ಆ ಗಿರಣಿಗಳು ನಿಂತುಹೋದವು, ದಾವಣಗೆರೆ ಕಾಟನ್ ಮಿಲ್ಲಿನ ಹೆಸರು ಡಿಸಿಎಂ ಟೌನ್‌ಶಿಪ್ ಅನ್ನೋ ಬಡಾವಣೆಯಲ್ಲಿ ಉಳಿದಿದೆ. ಆದರೆ ಜವಳಿ ಅಂದರೆ ದಾವಣಗೆರೆ ಅನ್ನೋ ಮಾತು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ.

ಹೀಗೆ ಎಷ್ಟೋ ಮದುವೆಗಳ ಜವಳಿಗೆ ನಾನು ಕೂತಿದ್ದೇನೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕ ದಿನಗಳಿವೆ. ಮನೆಗೆ ಬಂದು ಗಂಟು ಬಿಚ್ಚಿ ಕಣ್ಣೀರು ಹಾಕಿದ ದಿನವೂ ಇದೆ. ನೋಡಿ ನೋಡಿ ನನಗೆ ಅರ್ಥವಾಗಿದ್ದು ಇಷ್ಟು. ಜವಳಿಯಲ್ಲಿ ದುಡ್ಡು ಹೋಗೋದು ಹೆಚ್ಚಾಗಿ ಗಡಿಬಿಡಿಯಿಂದ, ಇಲ್ಲ ಸಂಕೋಚದಿಂದ. "ಇಷ್ಟೊಂದು ಸೀರೆ ಬಿಚ್ಚಿಸಿದ್ದೀವಿ, ಇನ್ನೇನು ಕೇಳೋದು" ಅಂತ ಸುಮ್ಮನಾಗುತ್ತೇವಲ್ಲ, ಅಲ್ಲೇ ಏಟು ಬೀಳೋದು. ಕೇಳೋದನ್ನೆಲ್ಲ ದುಡ್ಡು ಕೊಡುವ ಮೊದಲೇ ಕೇಳಬೇಕು. ಕೆಳಗಿನದೆಲ್ಲ ಅದಕ್ಕೇ ಬರೆದದ್ದು.

1. ಮನೆಯಲ್ಲೇ ಪಟ್ಟಿ ಮಾಡಿ, ಸೀರೆ ಲೆಕ್ಕದಲ್ಲಿ ಅಲ್ಲ, ಜನರ ಲೆಕ್ಕದಲ್ಲಿ

"ರೇಷ್ಮೆ ಸೀರೆ 5, ಸಾದಾ ಸೀರೆ 25" ಅಂತ ಬರೆದ ಪಟ್ಟಿ ಅಂಗಡಿಯಲ್ಲಿ ಕೈಕೊಡುತ್ತದೆ. ಯಾರಿಗೆ ಯಾವುದು ಅನ್ನೋ ಚರ್ಚೆ ಅಲ್ಲೇ ಶುರುವಾಗುತ್ತದೆ, ಊಟದ ಹೊತ್ತಾದರೂ ಮುಗಿಯಲ್ಲ. ಹೆಸರು ಬರೆಯಿರಿ. ಹೆಸರಿನ ಮುಂದೆ ಏನು, ಎಷ್ಟರೊಳಗೆ ಅಂತ ಬರೆಯಿರಿ.

ಮದುಮಗಳ ಸೀರೆಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ನಿಶ್ಚಿತಾರ್ಥದ್ದು, ಅರಿಶಿಣದ್ದು, ಧಾರೆಯದು, ರಿಸೆಪ್ಷನ್‌ದು. ಯಾವುದನ್ನು ಗಂಡಿನ ಕಡೆಯವರು ತರುತ್ತಾರೆ, ಯಾವುದು ನಮ್ಮದು ಅನ್ನೋದನ್ನು ಫೋನ್ ಮಾಡಿ ಬಾಯಿಬಿಟ್ಟು ಕೇಳಿಕೊಳ್ಳಿ. ಎರಡೂ ಕಡೆಯವರು ಅದೇ ಕೆಂಪು ಬಣ್ಣದ ಸೀರೆ ತಂದು ಮದುವೆ ಹಿಂದಿನ ದಿನ ಮುಖ ಮುಖ ನೋಡಿಕೊಂಡಿದ್ದನ್ನು ನಾನು ಕಂಡಿದ್ದೇನೆ.

ಮರೆತುಹೋಗುವ ಹೆಸರುಗಳೂ ಇರುತ್ತವೆ. ಸೋದರಮಾವನ ಪಂಚೆ ಶಲ್ಯ, ಅಯ್ಯನೋರ ಬಟ್ಟೆ, ಅಡುಗೆಯವರಿಗೆ ಟವೆಲ್, ಉಡಿ ತುಂಬೋಕೆ ಕುಬ್ಸದ ಕಣ, ಅಂದರೆ ಬ್ಲೌಸ್ ಪೀಸು. ಕಣ ಮಾತ್ರ ಲೆಕ್ಕಕ್ಕಿಂತ ಹತ್ತು ಜಾಸ್ತಿಯೇ ತನ್ನಿ. ಅದು ಉಳಿದ ಮನೆಯನ್ನು ನಾನು ನೋಡಿಲ್ಲ.

2. ಎಷ್ಟು ಜನ, ಯಾವಾಗ

ಇದು ಸೂಕ್ಷ್ಮದ ವಿಷಯ. ಹದಿನಾಲ್ಕು ಜನ ಹೋದರೆ ಹದಿನಾಲ್ಕು ಬಣ್ಣ. ನಾಲ್ಕೇ ಜನ ಹೋದರೆ ಉಳಿದವರಿಗೆ ಬೇಜಾರು. ಅದಕ್ಕೆ ನಾನು ಹೇಳೋದು, ಎರಡು ಸಲ ಹೋಗಿ. ಮೊದಲ ಸಲ ಮೂರ್ನಾಲ್ಕು ಜನ ಬಂದು ಕೊಡುವ ಸೀರೆ, ಟವೆಲ್, ಕಣ ಎಲ್ಲ ಮುಗಿಸಿ. ಎರಡನೇ ಸಲ ಎಲ್ಲರೂ ಬನ್ನಿ, ಧಾರೆ ಸೀರೆ ತೆಗೆಯಿರಿ. ಅವತ್ತು ಅಜ್ಜಿ ಇರಲೇಬೇಕು. ಆ ದಿನದ ಖುಷಿ ಮದುವೆ ಮನೆಯಷ್ಟೇ ದೊಡ್ಡದು.

ಕೊಡುವ ಸೀರೆಗಳಿಗೆ ಆಷಾಢ ಒಳ್ಳೆಯದು. ಆಷಾಢದಲ್ಲಿ ಮದುವೆ ಇರಲ್ಲ, ಅಂಗಡಿಗಳು ರಿಯಾಯಿತಿ ಕೊಡುತ್ತವೆ. ಆಷಾಢದಲ್ಲಿ ಮದುವೆ ಸೀರೆ ತೆಗೆಯಬಾರದು ಅನ್ನುವ ಹಿರಿಯರಿದ್ದರೆ ಅವರ ಮಾತು ಮೀರಬೇಡಿ, ಧಾರೆ ಸೀರೆಯನ್ನು ಶ್ರಾವಣಕ್ಕೆ ಇಟ್ಟುಕೊಳ್ಳಿ. ಯುಗಾದಿ ಆದಮೇಲೆ ಲಗ್ನದ ಕಾಲ. ಆಗ ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆ ಕಡೆ ಕಾಲಿಡೋಕೆ ಜಾಗ ಇರಲ್ಲ, ಬಿಸಿಲಂತೂ ಕೇಳಲೇಬೇಡಿ. ಭಾನುವಾರ ಬಿಡಿ. ಅಂಗಡಿ ಬಾಗಿಲು ತೆಗೆದ ಹೊತ್ತಿಗೇ ಹೋಗಿ ಕೂತರೆ ತೋರಿಸುವವರಿಗೂ ತಾಳ್ಮೆ ಇರುತ್ತದೆ, ನಿಮಗೂ ಇರುತ್ತದೆ.

ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ. ದಾವಣಗೆರೆಗೆ ಬಂದವರು ಬೆಣ್ಣೆ ದೋಸೆ ತಿನ್ನದೆ ಹೋಗಲ್ಲ, ಸರಿ. ಆದರೆ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ನಮ್ಮ ಚಿಕ್ಕಮ್ಮ ಒಬ್ಬರು ಬರೀ ನೀರಲ್ಲಿ ಕೈ ಅದ್ದಿ ಬಂದು ಗಿಳಿಹಸಿರು ಸೀರೆಯ ಸೆರಗು ಹಿಡಿದರು. ಹೆಬ್ಬೆರಳಿನ ಗುರುತು ಮುದ್ರೆ ಒತ್ತಿದ ಹಾಗೆ ಕೂತಿತು. ಅಂಗಡಿಯ ಹುಡುಗ ಒಂದು ಮಾತೂ ಆಡಲಿಲ್ಲ. ಚಿಕ್ಕಮ್ಮನೇ "ಇದು ನನಗಿರಲಿ ತಮ್ಮಾ" ಅಂತ ತೆಗೆದುಕೊಂಡರು. ಆ ಸೀರೆಗೆ ನಮ್ಮ ಮನೆಯಲ್ಲಿ ಇವತ್ತಿಗೂ ಬೆಣ್ಣೆ ದೋಸೆ ಸೀರೆ ಅಂತಲೇ ಹೆಸರು. ಚಿಕ್ಕಮ್ಮನಿಗೆ ಬಹಳ ಒಪ್ಪುತ್ತದೆ.

3. ಗಾದಿ ಮೇಲೆ ಕೂತಮೇಲೆ

"ಬರ್ರಿ ಅಕ್ಕಾರೆ, ಕುಂತ್ಕಳ್ರಿ. ಎಷ್ಟರಾಗೆ ತೋರಿಸ್ಲಿ?" ಮೊದಲು ಕೇಳುವ ಪ್ರಶ್ನೆ ಇದು. ಮನಸ್ಸಿನಲ್ಲಿರುವ ಕೊನೆಯ ಅಂಕಿಯನ್ನು ಹೇಳಬೇಡಿ. 8,000 ರೂಪಾಯಿ ಮಿತಿ ಇದ್ದರೆ 6,000 ಅನ್ನಿ. ಯಾಕೆಂದರೆ ತೋರಿಸುತ್ತಾ ತೋರಿಸುತ್ತಾ ಬೆಲೆ ಮೇಲೇ ಹೋಗುತ್ತದೆ. ಒಂದು ಚೆಂದದ ಸೀರೆ ನೋಡಿದ ಮೇಲೆ ಅದಕ್ಕಿಂತ ಕಡಿಮೆಯದು ಕಣ್ಣಿಗೆ ಹಿಡಿಸಲ್ಲ.

ನಮ್ಮ ತಂಗಿಯ ಧಾರೆ ಸೀರೆಗೆ ಹೋದಾಗ ಮೊದಲು ಬಿಚ್ಚಿದ್ದು ಒಂದು ಕುಂಕುಮ ಬಣ್ಣದ ಸೀರೆ. ಚೆನ್ನಾಗಿದೆ ಅಂದೆವು. "ಮೊದಲನೇದೇ ತಗಂಡ್ರೆ ಹೆಂಗೆ, ಇನ್ನೂ ನೋಡಾನ" ಅಂದರು ದೊಡ್ಡಮ್ಮ. ನೋಡಿದೆವು. ನಾಲ್ಕು ಗಂಟೆ ನೋಡಿದೆವು. ಮೂರು ಅಂಗಡಿ ತಿರುಗಿದೆವು. ಸಂಜೆ ಅದೇ ಅಂಗಡಿಗೆ ಬಂದು ಅದೇ ಕುಂಕುಮ ಬಣ್ಣದ ಸೀರೆ ಕೇಳಿದಾಗ ಅಂಗಡಿಯವರು ಅದನ್ನು ಪಕ್ಕಕ್ಕೆ ಎತ್ತಿಟ್ಟಿದ್ದರು. "ನೀವು ಬರ್ತೀರಂತ ಗೊತ್ತಿತ್ತು" ಅಂದರು. ಎಲ್ಲರೂ ನಕ್ಕೆವು. ಆದರೆ ಎಲ್ಲ ಸಲ ಹೀಗೆ ಸಿಗಲ್ಲ. ಲಗ್ನದ ಕಾಲದಲ್ಲಿ ಅರ್ಧ ಗಂಟೆಯಲ್ಲಿ ಬೇರೆಯವರ ಕೈಗೆ ಹೋಗಿರುತ್ತದೆ. ಹಿಡಿಸಿದ ಸೀರೆಯ ಫೋಟೊ ತೆಗೆಯಿರಿ, ಬೆಲೆ ಚೀಟಿ ಕಾಣುವ ಹಾಗೆ. ಇನ್ನೊಂದು ಗಂಟೆ ಎತ್ತಿಡುತ್ತೀರಾ ಅಂತ ಕೇಳಿ. ಬಹಳ ಜನ ಎತ್ತಿಡುತ್ತಾರೆ.

ಬಿಚ್ಚಿದ್ದನ್ನೆಲ್ಲ ರಾಶಿ ಆಗಲು ಬಿಡಬೇಡಿ. ಬೇಡ ಅನಿಸಿದ್ದನ್ನು ಆಗಲೇ "ಇದು ಬೇಡ, ಮಡಚಿಬಿಡಿ" ಅಂದುಬಿಡಿ. ಇರಲಿ ನೋಡೋಣ ಅನ್ನೋದನ್ನು ಒಂದು ಕಡೆ ಇಡಿಸಿ, ಅಲ್ಲಿ ಐದಕ್ಕಿಂತ ಜಾಸ್ತಿ ಆಗದ ಹಾಗೆ ನೋಡಿಕೊಳ್ಳಿ. ಆರನೆಯದು ಬಂದರೆ ಹಳೆಯದರಲ್ಲಿ ಒಂದು ಹೋಗಬೇಕು. ಬಣ್ಣ ಇಷ್ಟವಿಲ್ಲದಿದ್ದರೆ ಬಿಚ್ಚಿಸಲೇಬೇಡಿ. ಸೀರೆ ತೋರಿಸುವವರು ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು, ಬಿಚ್ಚಿ, ಮಡಚಿ ಸೋತಿರುತ್ತಾರೆ. ಅವರ ಜೊತೆ ಎರಡು ಒಳ್ಳೆಯ ಮಾತಾಡಿದರೆ ಒಳಗಿನ ಬೀರುವಿನ ಸೀರೆಯೂ ಹೊರಗೆ ಬರುತ್ತದೆ.

4. ಬಾಗಿಲ ಬಳಿಗೆ ಒಯ್ದು ಬೆಳಕಿನಲ್ಲಿ ನೋಡಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುತ್ತೀರಾ ಅಂದರೆ ಇದನ್ನೇ ನೆನಪಿಡಿ. ಅಂಗಡಿಯೊಳಗೆ ಜೋರಾದ ದೀಪ ಇರುತ್ತದೆ. ಆ ಬೆಳಕಿನಲ್ಲಿ ಬಣ್ಣ ಬೇರೆಯೇ ಕಾಣುತ್ತದೆ.

ನಾನು ಹೇಳಿದ ಕಣ್ಣೀರು ಇದರದ್ದೇ. ನಮ್ಮ ಅಣ್ಣನ ಮದುವೆಗೆ ಅಮ್ಮ ನೇರಳೆ ಬಣ್ಣದ ರೇಷ್ಮೆ ಸೀರೆ ಆರಿಸಿಕೊಂಡರು. ಎಷ್ಟೋ ವರ್ಷದ ಆಸೆ ಅದು. ಮಾರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಬಿಚ್ಚಿದರೆ ಸುಟ್ಟ ಬದನೆಕಾಯಿ ಬಣ್ಣ. ವಾಪಸ್ ಒಯ್ದರೆ ಅಂಗಡಿಯವರು ಗೋಡೆ ತೋರಿಸಿದರು. ಮಾರಿದ ಮಾಲು ವಾಪಸ್ ಇಲ್ಲ ಅಂತ ಬರೆದಿತ್ತು. ಅಮ್ಮ ಅದೇ ಸೀರೆ ಉಟ್ಟರು. ಫೋಟೊದಲ್ಲಿ ಅದನ್ನು ನೋಡಿದಾಗಲೆಲ್ಲ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

ಹಾಗಾಗಿ ಸಂಕೋಚ ಬೇಡ. "ಒಂದು ನಿಮಿಷ ಬಿಸಿಲಿಗೆ ತೋರಿಸ್ತೀರಾ?" ಅಂತ ಕೇಳಿ. ಅಂಗಡಿಯವರೇ ಒಬ್ಬರು ಬಾಗಿಲವರೆಗೆ ಹಿಡಿದುಕೊಂಡು ಬರುತ್ತಾರೆ. ರಾತ್ರಿ ಏಳರ ಮೇಲೆ ರೇಷ್ಮೆ ಸೀರೆ ಆರಿಸಲೇಬೇಡಿ.

5. ರೇಷ್ಮೆ ಹೌದೋ ಅಲ್ಲವೋ

ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಸಿಲ್ಕ್ ಮಾರ್ಕ್ ಅನ್ನೋ ಗುರುತು ತಂದಿತು. ಅಪ್ಪಟ ರೇಷ್ಮೆ ಅನ್ನೋದಕ್ಕೆ ಆ ಚೀಟಿ ಸಾಕ್ಷಿ. ಚೀಟಿ ಸೀರೆಗೆ ಕಟ್ಟಿರಬೇಕು, ಕೌಂಟರ್ ಮೇಲೆ ಬಿದ್ದಿದ್ದರೆ ಲೆಕ್ಕವಿಲ್ಲ. ಇನ್ನೊಂದು ಗಮನಿಸಿ. ಅದು ರೇಷ್ಮೆಯ ಬಗ್ಗೆ ಮಾತ್ರ ಹೇಳುತ್ತದೆ, ಜರಿಯ ಬಗ್ಗೆ ಅಲ್ಲ.

ಜರಿಯನ್ನು ಬೇರೆಯೇ ಕೇಳಬೇಕು. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ನೀರು ಕೊಟ್ಟಿರುತ್ತಾರೆ. ಟೆಸ್ಟೆಡ್ ಜರಿ ಅಂದರೆ ತಾಮ್ರದ ತಂತಿಗೆ ಬೆಳ್ಳಿಯ ಲೇಪ. ಅದರ ಕೆಳಗಿನದು ಪ್ಲಾಸ್ಟಿಕ್ ಜರಿ. ಟೆಸ್ಟೆಡ್ ಜರಿ ಸೀರೆ ತೆಗೆದುಕೊಂಡರೆ ತಪ್ಪೇನಿಲ್ಲ, ಬಹಳ ಜನ ಅದನ್ನೇ ಉಡುತ್ತಾರೆ. ಆದರೆ ಅಸಲಿ ಜರಿಯ ಬೆಲೆ ಕೊಡಬಾರದು. "ಯಾವ ಜರಿ" ಅಂತ ಕೇಳಿ, ಅದನ್ನು ಬಿಲ್ಲಿನಲ್ಲಿ ಬರೆಸಿ.

ಎಳೆ ಸುಟ್ಟು ನೋಡೋದು ಹಳೆಯ ಉಪಾಯ. ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ಇಲ್ಲೊಂದು ಮೋಸ ಇದೆ. ಹಾಸು ಅಂದರೆ ಉದ್ದದ ಎಳೆಗೆ ರೇಷ್ಮೆ ಹಾಕಿ, ಹೊಕ್ಕು ಅಂದರೆ ಅಡ್ಡ ಎಳೆಗೆ ಬೇರೆ ನೂಲು ಹಾಕಿ ನೇಯ್ದ ಸೀರೆಗಳಿವೆ. ಸೆರಗಿನ ತುದಿಯಲ್ಲಿ ಜೋತಾಡುವ ಎಳೆ ಹಾಸಿನದು. ಅದೊಂದನ್ನೇ ಸುಟ್ಟು ನೋಡಿ ನಂಬಿದರೆ ಕೆಟ್ಟಿರಿ. ಅಡ್ಡ ಎಳೆಯನ್ನೂ ನೋಡಬೇಕು. ಅಂಗಡಿಯಲ್ಲಿ ನೀವೇ ಕಡ್ಡಿ ಗೀರಬೇಡಿ, ಅವರನ್ನೇ ಕೇಳಿ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ಕೈಮಗ್ಗದ ರೇಷ್ಮೆ ಸೀರೆ ನೇಯುತ್ತಾರೆ. ಅದು ಆ ಊರಿನದ್ದೇ ಅನ್ನೋದಕ್ಕೆ ಸಿಗುವ ಜಿಐ ಗುರುತೂ ಇದೆ. ನಮ್ಮ ಪಕ್ಕದ ಜಿಲ್ಲೆಯದ್ದು, ಆದರೂ ಕಂಚಿ ಕೇಳುವಷ್ಟು ಅದನ್ನು ಕೇಳೋದಿಲ್ಲ ನಾವು. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ನನ್ನ ಹತ್ತಿರ ಇರುವ ಸೀರೆಗಳಲ್ಲಿ ಹೆಚ್ಚು ಸಲ ಉಟ್ಟಿದ್ದು ಮೊಳಕಾಲ್ಮೂರಿನದ್ದೇ.

ಕೊನೆಗೆ ಅಳತೆ. ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್, ಬ್ಲೌಸಿನ ಬಟ್ಟೆ ಸುಮಾರು 80 ಸೆಂಟಿಮೀಟರ್. ಎರಡೂ ಸೇರಿ 6.3 ಮೀಟರ್ ಆಗುತ್ತದೆ. ಕಡಿಮೆ ಬೆಲೆಯ ಸೀರೆಗಳಲ್ಲಿ ಉದ್ದವೇ ಕಡಿಮೆ ಇರೋದುಂಟು. ಮೈಕಟ್ಟು ದೊಡ್ಡದಿದ್ದವರಿಗೆ ನೆರಿಗೆಯೇ ಬರಲ್ಲ. ಕೌಂಟರಿನಲ್ಲಿ ಮೀಟರ್ ಕೋಲು ಇರುತ್ತದೆ, ಅಳೆಸಿ. ಪಂಚೆಗೂ ಇದೇ ಮಾತು. ಎಂಟು ಮೊಳದ ಪಂಚೆ ಅಂದರೆ 3.6 ಮೀಟರಿನಷ್ಟು ಇರಬೇಕು.

6. ಕೊಡುವ ಸೀರೆ, ಗಂಡಸರ ಬಟ್ಟೆ, ಮಕ್ಕಳ ಬಟ್ಟೆ

ಕೊಡುವ ಸೀರೆ ಇಪ್ಪತ್ತು ಮೂವತ್ತು ಒಟ್ಟಿಗೆ ತೆಗೆಯುವಾಗ ಚೌಕಾಸಿ ಮಾಡಿ. ಒಂದೊಂದರ ಮೇಲೆ ಬೇಡ, ಕೊನೆಗೆ ಒಟ್ಟು ಲೆಕ್ಕದ ಮೇಲೆ. ಒಂದೊಂದು ಸೀರೆಯನ್ನೂ ಬಿಚ್ಚಿ ಕಲೆ, ಎಳೆ ಹೋಗಿರೋದು, ತೂತು ನೋಡಿ. ಬೇಜಾರಿನ ಕೆಲಸ, ಹೌದು. ಆದರೆ ಬೀಗರ ಮನೆಯಲ್ಲಿ ಯಾರಾದರೂ ಬಿಚ್ಚಿದಾಗ ತೂತು ಕಂಡರೆ ಆ ಮಾತು ವರ್ಷಗಟ್ಟಲೆ ಇರುತ್ತದೆ. ಕಟ್ಟುವಾಗ ಒಬ್ಬರು ಪಕ್ಕದಲ್ಲೇ ನಿಂತು ಎಣಿಸಲಿ. ಒಂದು ಸಲ ನಮ್ಮ ಗಂಟಿನಲ್ಲಿ 31ರ ಬದಲು 30 ಇತ್ತು. ಮಾರನೇ ದಿನ ಹೋದರೆ ನಮ್ಮ ಲೆಕ್ಕ, ಅವರ ಲೆಕ್ಕ ಅಂತ ಒಂದು ಗಂಟೆ ವಾದ ಆಯಿತು.

ಗಂಡಸರ ಬಟ್ಟೆ ಇಪ್ಪತ್ತು ನಿಮಿಷದ ಕೆಲಸ. ಹಾಕಿ ನೋಡದೆ ತರಬೇಡಿ, ಕೂತು ಎದ್ದು ನೋಡಲು ಹೇಳಿ. ಧಾರೆಗೆ ನೆಲದ ಮೇಲೆ ಕೂರಬೇಕಲ್ಲ. ಮಕ್ಕಳದ್ದನ್ನು ಮದುವೆಗೆ ಹದಿನೈದು ದಿನ ಇರುವಾಗ ತೆಗೆದರೆ ಸಾಕು, ಬೆಳೆದುಬಿಡುತ್ತಾರೆ.

ಒಡವೆಯನ್ನು ಇದೇ ದಿನ ಸೇರಿಸಬೇಡಿ, ತಲೆ ಓಡಲ್ಲ. ಇಷ್ಟು ಗೊತ್ತಿರಲಿ: ಚಿನ್ನದ ಮೇಲೆ ಬಿಐಎಸ್ ಗುರುತು, 22 ಕ್ಯಾರೆಟ್ ಆದರೆ 22ಕೆ916 ಅನ್ನೋ ಶುದ್ಧತೆ, ಎಚ್‌ಯುಐಡಿ ಅನ್ನೋ 6 ಅಕ್ಷರ-ಅಂಕಿಯ ಗುರುತಿನ ಸಂಖ್ಯೆ, ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಈ ಎಚ್‌ಯುಐಡಿ ಕಡ್ಡಾಯ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಲ್ಲೇ ನೋಡಬಹುದು.

7. ಬಿಲ್ ಮಾಡಿಸುವಾಗ

ಇಲ್ಲಿಗೆ ಬರೋ ಹೊತ್ತಿಗೆ ಎಲ್ಲರಿಗೂ ಸುಸ್ತು. ಮಕ್ಕಳು ಅಳುತ್ತಿರುತ್ತವೆ, ಟೆಂಪೊದವನು ಎರಡು ಸಲ ಫೋನ್ ಮಾಡಿರುತ್ತಾನೆ. ತಪ್ಪಾಗೋದು ಈಗಲೇ. ಒಬ್ಬರು ಮಾತ್ರ ಕೌಂಟರಿನಲ್ಲಿರಿ, ಉಳಿದವರು ಹೊರಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿರಲಿ.

ಎಸ್ಟಿಮೇಟ್ ಅಂತ ಬರೆದ ಚೀಟಿ ಬಿಲ್ ಅಲ್ಲ. ಅದರ ಮೇಲೆ ಅಂಗಡಿ ಹೆಸರೂ ಇರಲ್ಲ ಎಷ್ಟೋ ಸಲ. ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಕೇಳಿ. ಆ ಸಂಖ್ಯೆ 15 ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀವಿ" ಅನ್ನುವವರಿದ್ದಾರೆ. ಒಪ್ಪಬೇಡಿ. ನಾಳೆ ಸೀರೆ ಹರಿದರೆ ಅಲ್ಲೇ ತೆಗೆದದ್ದು ಅನ್ನೋಕೆ ನಿಮ್ಮ ಹತ್ತಿರ ಏನೂ ಇರಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರೋದೇ ಒಂದು ತಪ್ಪು ವ್ಯಾಪಾರ ಪದ್ಧತಿ. ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ ಅನ್ನೋದೂ ಹಾಗೆಯೇ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಪಡೆಯಬೇಕು. ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ. ಗೋಡೆ ಮೇಲೆ ಏನೇ ಬರೆದಿರಲಿ, ಇದು ಕಾನೂನು. ಆದರೆ ಇದು ದೋಷ ಇರುವ ಮಾಲಿಗೆ. ಬಣ್ಣ ಹಿಡಿಸಲಿಲ್ಲ ಅನ್ನೋದು ಅಂಗಡಿಯವರ ಮನಸ್ಸಿಗೆ ಬಿಟ್ಟಿದ್ದು. ನಮ್ಮ ಅಮ್ಮನ ನೇರಳೆ ಸೀರೆಗೆ ಕಾನೂನಿನಲ್ಲೂ ದಾರಿ ಇರಲಿಲ್ಲ. "ಬದಲಾಯಿಸಿ ಕೊಡ್ತೀರಾ, ಎಷ್ಟು ದಿನದೊಳಗೆ?" ಅಂತ ದುಡ್ಡು ಕೊಡುವ ಮೊದಲೇ ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ಲೇ ಆಗಲ್ಲ ಅನ್ನುತ್ತಾರೆ. ಹಾಗೆ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ತಿಳಿಸಿದೆ. ಪ್ಯಾಕೆಟ್‌ನಲ್ಲಿ ಬರುವ ಬನಿಯನ್, ಅಂಗಿಗಳ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕಿದ್ದರೆ ತೆಗೆಸಿ.

ನಗದು ಕೊಡುವವರು ಗಮನಿಸಿ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವ ಹಾಗಿಲ್ಲ ಅಂತ ಆದಾಯ ತೆರಿಗೆ ಕಾನೂನು ಹೇಳುತ್ತದೆ. ಹೆಚ್ಚಿನದನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. ಫೋನ್‌ಪೇ, ಗೂಗಲ್‌ಪೇ ಮಾಡುವವರು ನೆಟ್‌ವರ್ಕ್ ಇರುವ ಕಡೆ ನಿಂತು ಮಾಡಿ, ನೆಲಮಾಳಿಗೆಯ ಅಂಗಡಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಖಾತೆಯಿಂದ ದುಡ್ಡು ಹೋಗಿ ಅಂಗಡಿಗೆ ಬರಲಿಲ್ಲ ಅಂದರೆ ಹೆದರಬೇಡಿ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ 5 ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಸಿಗಬೇಕು.

8. ಮನೆಗೆ ಬಂದ ಮೇಲೆ

ಗಂಟನ್ನು ಹಾಗೇ ಬೀರುವಿನಲ್ಲಿ ಇಡಬೇಡಿ. ಎರಡು ದಿನದೊಳಗೆ ಎಲ್ಲ ಬಿಚ್ಚಿ, ಪಟ್ಟಿ ಹಿಡಿದು, ಹಗಲು ಬೆಳಕಿನಲ್ಲಿ ನೋಡಿ. ಬೆಲೆ ಚೀಟಿಗಳನ್ನು ಕೀಳಬೇಡಿ. ಆಮೇಲೆ ಅವತ್ತೇ ಫಾಲ್, ಕುಚ್ಚು, ಬ್ಲೌಸಿಗೆ ಕೊಡಿ. ಲಗ್ನದ ಕಾಲದಲ್ಲಿ ಟೈಲರ್ ಒಂದು ತಿಂಗಳು ಅಂದರೆ ಒಂದು ತಿಂಗಳೇ. ಹತ್ತಿಯ ಲೈನಿಂಗ್ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಟೈಲರಿಗೆ ಕೊಡಿ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಬ್ಲೌಸೇ ಸುಕ್ಕಾಗುತ್ತದೆ.

9. ಅಂಗಡಿಯವರು ಕೇಳದಿದ್ದರೆ

ಮೊದಲು ಮಾಲೀಕರನ್ನು ನೇರವಾಗಿ ಕಂಡು ಮಾತಾಡಿ, ಮಧ್ಯಾಹ್ನ ಜನ ಕಡಿಮೆ ಇರುವಾಗ. ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ದಾವಣಗೆರೆಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. 2 ವರ್ಷದೊಳಗೆ ದೂರು ಕೊಡಬೇಕು. ಬಿಲ್, ದೋಷದ ಫೋಟೊ, ನೀವು ಅಂಗಡಿಗೆ ಬರೆದ ಪತ್ರದ ಪ್ರತಿ ಇಟ್ಟುಕೊಳ್ಳಿ.

ನಮ್ಮ ಪಕ್ಕದ ಮನೆಯ ಅಕ್ಕನ ರೇಷ್ಮೆ ಸೀರೆ ಒಂದೇ ಸಲ ಉಟ್ಟಿದ್ದಕ್ಕೆ ಮಡಿಕೆಯಲ್ಲಿ ಸೀಳಿತು. ಅಂಗಡಿಯಲ್ಲಿ ಮೂರು ಸಲ ಮಾತಾಡಿದರೂ ಆಗಲಿಲ್ಲ. ಅವರ ಮಗಳು ಒಂದು ಹಾಳೆಯಲ್ಲಿ ದಿನಾಂಕ, ಬಿಲ್ ನಂಬರ್, ಏನಾಯಿತು, ಏನು ಬೇಕು ಅಂತ ನಾಲ್ಕು ಸಾಲು ಕನ್ನಡದಲ್ಲೇ ಬರೆದು, 15 ದಿನದ ಗಡುವು ಹಾಕಿ ಅಂಚೆಯಲ್ಲಿ ಕಳಿಸಿದಳು. ಹನ್ನೊಂದನೇ ದಿನ ಅಂಗಡಿಯಿಂದಲೇ ಫೋನ್ ಬಂತು. ಬೇರೆ ಸೀರೆ ಆರಿಸಿಕೊಂಡು ಹೋಗಲು ಕರೆದರು. ಅಕ್ಕ ಹೋದರು. ಈ ಸಲ ಬಾಗಿಲ ಬಳಿ ಬಿಸಿಲಿನಲ್ಲಿ ನಿಂತೇ ಆರಿಸಿದರು.